ಜೀಪಿಗೂ ಒಂದು ಕೊಡೆ ಬೇಕು ಸ್ವಾಮೀ!

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಮಲೆನಾಡಿನ ಪೇಟೆಗಳಲ್ಲಿ ಮೂರು ಜನಕ್ಕೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಒಬ್ಬ ಕೊಡೆ ರಿಪೇರಿಯವನು. ಇನ್ನೊಬ್ಬ ಪ್ಲಾಸ್ಟಿಕ್ ಹಾಳೆ ಮಾರುವವನು. ಮೂರನೆಯವರು ಜೀಪಿನ ಟಾಪು ಹೊಲಿಯುವ ಸಾಬರು.

ಮೊದಲ ಇಬ್ಬರ ಸಂಗತಿ ಎಲ್ಲರಿಗೂ ಗೊತ್ತು. ಮೂರನೆಯವರ ಅಂಗಡಿ ಮುಂದೆ ಸಾಲಾಗಿ ನಿಂತ ಬೋಳು ಜೀಪುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರು ಬೇಕಾದಷ್ಟು ಜನ. ಆದರೆ ಅಲ್ಲಿ ಏನು ನಡೆಯುತ್ತದೆ ಎಂದು ಇಳಿದು ಕೇಳಿದವರು ಕಡಿಮೆ. ಬಸ್ಸಿನ ಶಟರಿನ ಸಂದಿಯಿಂದ ತೊಡೆ ಮೇಲೆ ನೀರು ಹನಿಸಿಕೊಂಡು ಬೈಯುವ ಪ್ರಯಾಣಿಕನಿಗೆ, ತಲೆ ಮೇಲೆ ತಗಡೇ ಇಲ್ಲದ ಗಾಡಿಯವನ ಪಾಡು ಹೇಗೆ ತಿಳಿಯಬೇಕು?

ಹಳೇ ಜೀಪಿಗೆ ಮೇಲ್ಛಾವಣಿ ಎಂದರೆ ಒಂದು ಬಟ್ಟೆ. ಎರಡೋ ಮೂರೋ ಕಮಾನು ಪೈಪು, ಅದರ ಮೇಲೆ ಎಳೆದು ಕಟ್ಟಿದ ಕ್ಯಾನ್ವಾಸು. ಅಷ್ಟೇ. ನಮ್ಮ ಅಜ್ಜಂದಿರು ಬೆನ್ನಿಗೆ ಹಾಕಿಕೊಂಡು ನಾಟಿ ಮಾಡುತ್ತಿದ್ದ ಗೊರಬಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಕೆಳಗೆ ಒಂದು ಚೌಕಟ್ಟು, ಮೇಲೊಂದು ಹೊದಿಕೆ, ನೀರು ಇಳಿದು ಹೋಗಲು ಒಂದು ಇಳಿಜಾರು. ಗೊರಬು ಗದ್ದೆಯಲ್ಲಿ ಬಗ್ಗಿ ನಿಲ್ಲುತ್ತಿತ್ತು. ಜೀಪು ಓಡುತ್ತದೆ. ತಾಪತ್ರಯವೆಲ್ಲ ಅಲ್ಲಿಂದಲೇ ಶುರು.

ಬಿಡಿಭಾಗವಾಗಿ ಬಂದ ಗಾಡಿ

ಜೀಪು ಹುಟ್ಟಿದ್ದು ಯುದ್ಧಕ್ಕೆ. 1941ರಿಂದ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿ ಸೈನ್ಯಕ್ಕೆ ಕೊಟ್ಟವು. ಗುಂಡು ಹಾರಿಸಲು ತಲೆ ಮೇಲೆ ಏನೂ ಇರಬಾರದು, ಮಳೆ ಬಂದರೆ ಏನಾದರೂ ಇರಬೇಕು. ಅದಕ್ಕೇ ಮಡಚುವ ಬಟ್ಟೆ ಟಾಪು. ಯುದ್ಧ ಮುಗಿಯಿತು, ಜೀಪು ಉಳಿಯಿತು, ಟಾಪೂ ಉಳಿಯಿತು.

ನಮ್ಮ ದೇಶದಲ್ಲಿ ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಜೀಪು ಮಾಡಲು ಶುರುಮಾಡಿದಾಗ ಅದು ‘ಮಾಡುವುದು’ ಆಗಿರಲಿಲ್ಲ, ‘ಜೋಡಿಸುವುದು’ ಆಗಿತ್ತು. ಪೆಟ್ಟಿಗೆಗಳಲ್ಲಿ ಬಿಡಿಭಾಗವಾಗಿ ಹಡಗಿನಲ್ಲಿ ಬಂದ ಗಾಡಿಯನ್ನು ಇಲ್ಲಿ ನಟ್ಟು ಬೋಲ್ಟು ಹಾಕಿ ನಿಲ್ಲಿಸಿದರು. ಇಲ್ಲಿಯೇ ಪೂರ್ತಿ ತಯಾರಾಗತೊಡಗಿದ್ದು ಆಮೇಲೆ.

ವಿಲಾಯಿತಿಯಲ್ಲೂ ಇಂಥದ್ದೊಂದು ಸಂಗತಿ ಉಂಟು. ಲೋಟಸ್ ಕಂಪನಿ 1957ರಲ್ಲಿ ‘ಸೆವೆನ್’ ಎಂಬ ಬೋಳು ಕಾರು ತಂದಿತು. ಇಡೀ ಕಾರು ಕೊಂಡರೆ ಸರ್ಕಾರಕ್ಕೆ ತೆರಿಗೆ ಕಟ್ಟಬೇಕು, ಬಿಡಿಭಾಗವಾಗಿ ಕೊಂಡು ಮನೆ ಕೊಟ್ಟಿಗೆಯಲ್ಲಿ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. ಜನ ಸುಮ್ಮನಿರುತ್ತಾರೆಯೇ? ಭಾನುವಾರ ಭಾನುವಾರ ಸ್ಪ್ಯಾನರು ಹಿಡಿದು ಕೂತರು. 1973ರಲ್ಲಿ ಹೊಸ ತೆರಿಗೆ ಬಂದು ಆ ಅನುಕೂಲ ಹೋಯಿತು. ಅದೇ ವರ್ಷ ಕೇಟರ್‌ಹ್ಯಾಂ ಎಂಬ ಕಂಪನಿ ಆ ಕಾರಿನ ಹಕ್ಕು ಕೊಂಡಿತು, ಇವತ್ತಿಗೂ ಅದೇ ಮಾದರಿಯನ್ನು ಮಾಡುತ್ತಿದೆ. ಅಲ್ಲಿಯ ಹವ್ಯಾಸಿಗಳಿಗೂ ಕಾಡುವ ಪ್ರಶ್ನೆ ಇದೇ: ಎಂಜಿನ್ನು ಕೂರಿಸಿಯಾಯ್ತು, ಗಾಲಿ ಹಾಕಿಯಾಯ್ತು, ಮಳೆ ಬಂದರೆ ತಲೆಗೆ ಏನು? ಅಲ್ಲೂ ಎಷ್ಟೋ ಜನ ಮನೆಯ ಹೊಲಿಗೆ ಮಿಶನ್ನಿನ ಮುಂದೆ ಕೂರುತ್ತಾರೆ.

ಆದರೆ ಅವರದು ಶೋಕಿ. ಮಳೆ ಬಂದರೆ ಕಾರು ಕೊಟ್ಟಿಗೆಯಲ್ಲಿ ಬಿಟ್ಟು ರೈಲು ಹತ್ತಬಹುದು. ಇಲ್ಲಿ ಹಾಗಲ್ಲ.

ಘಾಟಿಯಲ್ಲಿ ಹಾರಿದ ಟಾಪು

ಕೊಟ್ಟಿಗೆಹಾರದ ಆಚೆ ಒಂದು ಹಳ್ಳಿ. ಬಸ್ಸು ನಿಲ್ಲುವ ಡಾಂಬರು ರಸ್ತೆಗೆ ಅಲ್ಲಿಂದ ಏಳು ಕಿಲೋಮೀಟರು ಕಲ್ಲು ಮಣ್ಣಿನ ದಾರಿ. ಹತ್ತಾರು ಮನೆ. ಊರಿಗೆಲ್ಲ ನಂಬಿಕೆಯ ಗಾಡಿ ಒಂದೇ, ಐವತ್ತು ದಾಟಿದ ಗೌಡರೊಬ್ಬರ ಹಳೇ ಜೀಪು. ಬೆಳಿಗ್ಗೆ ಶಾಲೆ ಮಕ್ಕಳು, ಹತ್ತು ಗಂಟೆಗೆ ಸೊಸೈಟಿ ಅಕ್ಕಿ, ಮಧ್ಯಾಹ್ನ ಗೊಬ್ಬರದ ಮೂಟೆ, ರಾತ್ರಿ ಯಾರಿಗಾದರೂ ನೋವು ಬಂದರೆ ಆಸ್ಪತ್ರೆ. ಬಾಣಂತಿಯಿಂದ ಹಿಡಿದು ಕರುವಿನ ತನಕ ಎಲ್ಲರೂ ಅದರಲ್ಲಿ ಕೂತವರೇ.

ಕಳೆದ ಮಳೆಗಾಲದ ಆರಿದ್ರೆ ಮಳೆ. ಮಂಗಳೂರಿನ ಆಸ್ಪತ್ರೆಗೆ ಒಬ್ಬ ವಯಸ್ಸಾದ ಹೆಂಗಸನ್ನು ಕರೆದುಕೊಂಡು ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾರೆ. ಒಂದು ತಿರುವಿನಲ್ಲಿ ಕಣಿವೆಯಿಂದ ಗಾಳಿ ಬೀಸಿತು. ನಾಲ್ಕು ವರ್ಷದ ಹಳೇ ಟಾಪು ಮುಂದಿನ ಗಾಜಿನ ಚೌಕಟ್ಟಿನಿಂದ ಕಿತ್ತು ಬಂತು. ಇಡೀ ಬಟ್ಟೆ ಹಿಂದಕ್ಕೆ ಮಗುಚಿ, ಹಿಂದೆ ಬರುತ್ತಿದ್ದ ಬೈಕಿನವನ ಮುಖಕ್ಕೆ ರಪ್ ಎಂದು ಬಡಿಯಿತು. ಅವನು ಬಿದ್ದ. ಪುಣ್ಯಕ್ಕೆ ಗುಡ್ಡದ ಬದಿಗೆ ಬಿದ್ದ, ಕಣಿವೆಯ ಬದಿಗಲ್ಲ. ಮೊಣಕೈ ತರಚಿತು, ಜೀವ ಉಳಿಯಿತು. ಜೀಪಿನೊಳಗಿನ ಅಜ್ಜಿ ಉಜಿರೆ ಮುಟ್ಟುವ ಹೊತ್ತಿಗೆ ನಡುಗುವ ನಡುಕಕ್ಕೆ ಹಲ್ಲು ಕಟಕಟ.

“ಬೈಕಿನ ಹುಡುಗ ನನ್ನನ್ನ ಒಂದ್ಮಾತೂ ಬೈಲಿಲ್ಲ ಮಾರಾಯ್ರೆ. ಬೈದಿದ್ರೆ ಸಮಾಧಾನ ಆಗ್ತಿತ್ತು. ಅವನ ಮುಖ ನೋಡಿ ನಂಗೆ ಎರಡ್ ದಿನ ನಿದ್ದೆ ಬರ್ಲಿಲ್ಲ” ಎನ್ನುತ್ತಾರೆ ಗೌಡರು.

ಮಾರನೆಯ ದಿನವೇ ಪೇಟೆಗೆ ಹೋಗಿ ಸಾಬರ ಅಂಗಡಿ ಮುಂದೆ ನಿಂತರು. ಅಲ್ಲಿ ಒಂಬತ್ತು ಜೀಪು ಕ್ಯೂನಲ್ಲಿವೆ. “ಗೌಡ್ರೆ, ಮೂರು ವಾರ ಆಗ್ತದೆ. ಸುಳ್ಳು ಹೇಳಿ ಅಡ್ವಾನ್ಸ್ ತಗೊಳ್ಳೋನಲ್ಲ ನಾನು” ಎಂದರು ಸಾಬರು. ಮೂರು ವಾರ ಮಳೆ ಕಾಯುತ್ತದೆಯೇ? ಮಕ್ಕಳ ಶಾಲೆ ಕಾಯುತ್ತದೆಯೇ?

ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತಾಗ, ಊರಿನವರ ರವಿಕೆ ಲಂಗ ಹೊಲಿಯುವ ಅವರ ಹೆಂಡತಿ ಒಂದು ಮಾತು ಹೇಳಿದರು: “ಬಟ್ಟೆ ತಂದ್ಕೊಡಿ, ನಾನು ಹೊಲೀತೀನಿ. ರವಿಕೇನೂ ಮೈಗೆ ಹೊಂದ್ಬೇಕು, ಇದೂ ಮೈಗೆ ಹೊಂದ್ಬೇಕು. ಇದರ ಮೈ ಕಬ್ಬಿಣ, ಅಷ್ಟೆ ತಾನೆ?”

ಗೌಡರು ನಕ್ಕರು. ಆಮೇಲೆ ನಗಲಿಲ್ಲ.

ಪೂರಿಯ ಹಾಗೆ ಉಬ್ಬುವ ಬಟ್ಟೆ

ಟಾಪು ಹಾರುವುದು ಏಕೆ? ಗಾಳಿ ಮುಂದಿನಿಂದ ಒಳಗೆ ನುಗ್ಗಿ ಎತ್ತುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಸತ್ಯ. ಗಾಡಿ ಓಡುವಾಗ ಮೇಲ್ಛಾವಣಿಯ ಮೇಲೆ ಗಾಳಿ ವೇಗವಾಗಿ ಹರಿಯುತ್ತದೆ. ವೇಗವಾಗಿ ಹರಿಯುವ ಕಡೆ ಒತ್ತಡ ಕಡಿಮೆ. ಒಳಗಿನ ಗಾಳಿಗೆ ಒತ್ತಡ ಹೆಚ್ಚು. ಹಾಗಾಗಿ ಒಳಗಿನಿಂದ ಹೊರಗೆ ತಳ್ಳುತ್ತದೆ, ಬಟ್ಟೆ ಎಣ್ಣೆಗೆ ಬಿದ್ದ ಪೂರಿಯ ಹಾಗೆ ಉಬ್ಬುತ್ತದೆ.

ಇನ್ನೊಂದು ಲೆಕ್ಕ ಉಂಟು. ವೇಗ ಎರಡು ಪಟ್ಟಾದರೆ ಗಾಳಿಯ ಜೋರು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಗಂಟೆಗೆ 40 ಕಿಲೋಮೀಟರಿನಲ್ಲಿ ಎದುರುಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು ಏಳೂವರೆ ಕಿಲೋ ತೂಕದಷ್ಟು. 80ರಲ್ಲಿ ಸುಮಾರು 30 ಕಿಲೋ. ಹಳ್ಳಿ ದಾರಿಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಟಾಪು ಹೆದ್ದಾರಿಗೆ ಹೋದ ಮೊದಲ ದಿನವೇ ಹಾರುವುದು ಇದಕ್ಕೇ. ಘಾಟಿಯಲ್ಲಿ ಗಾಡಿ ನಿಧಾನವಿದ್ದರೂ ಕಣಿವೆಯ ಗಾಳಿ ಅದಕ್ಕೆ ಕೂಡಿಕೊಳ್ಳುತ್ತದೆ.

ಅಂದಮೇಲೆ ಟಾಪಿಗೆ ಕೆಲಸ ಎರಡು. ನೀರು ತಡೆಯಬೇಕು, ಗಾಳಿಯನ್ನೂ ತಡೆದುಕೊಳ್ಳಬೇಕು. ನೀರು ತಡೆಯುವುದಕ್ಕೆ ಬಟ್ಟೆ ಸಾಕು. ಗಾಳಿ ತಡೆದುಕೊಳ್ಳಲು ಬಟ್ಟೆಗಿಂತ ಅಂಚು ಮುಖ್ಯ. ಟಾಪು ನಡುವೆ ಹರಿಯುವುದು ಅಪರೂಪ. ಹರಿಯುವುದೆಲ್ಲ ಐಲೆಟ್ಟಿನ ಹತ್ತಿರ, ಹೊಲಿಗೆಯ ಹತ್ತಿರ, ಪೈಪಿಗೆ ಉಜ್ಜುವ ಕಡೆ.

ಯಾವ ಬಟ್ಟೆ?

ಪೇಟೆಯಲ್ಲಿ ಮೂರು ಬಗೆಯ ಬಟ್ಟೆ ಸಿಗುತ್ತದೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವ ನೀಲಿ ಪ್ಲಾಸ್ಟಿಕ್ ಟಾರ್ಪಾಲು. ಅಗ್ಗ. ಆದರೆ ಬಿಸಿಲಿಗೆ ಪುಡಿಯಾಗುತ್ತದೆ, ಐಲೆಟ್ಟಿನ ಹತ್ತಿರ ಒಮ್ಮೆ ಸೀಳಿದರೆ ಮತ್ತೆ ನಿಲ್ಲುವುದಿಲ್ಲ. ಕಾಫಿ ಕಣಕ್ಕೆ, ಸೌದೆ ರಾಶಿಗೆ ಸರಿ. ಓಡುವ ಗಾಡಿಗಲ್ಲ.

ಎರಡನೆಯದು ರೆಕ್ಸಿನ್ ಜಾತಿಯದು, ನೂಲಿನ ಮೇಲೆ ಪಿ.ವಿ.ಸಿ. ಬಳಿದದ್ದು. ಒಂದು ಹನಿ ಒಳಗೆ ಬಿಡುವುದಿಲ್ಲ. ಆದರೆ ಉಸಿರಾಡುವುದೂ ಇಲ್ಲ. ಒಳಗೆ ಎಂಟು ಜನ ಕೂತರೆ ಅವರ ಉಸಿರೇ ಹನಿಗಟ್ಟಿ ತಲೆ ಮೇಲೆ ಬೀಳುತ್ತದೆ. ಹಳತಾದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ.

ಮೂರನೆಯದು ಹತ್ತಿಯ ದಪ್ಪ ಕ್ಯಾನ್ವಾಸು. ಇದರದೊಂದು ಗುಣ ವಿಚಿತ್ರ. ನೆನೆದರೆ ನೂಲು ಉಬ್ಬಿ ಎಳೆಗಳ ನಡುವಿನ ಸಂದಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗಿನಿಂದ ಬೆರಳು ತಾಗಿಸಿದರೆ ಮಾತ್ರ ಅಲ್ಲಿ ತೊಟ್ಟಿಕ್ಕಲು ಶುರು. ಮಕ್ಕಳಿಗೆ ಮೊದಲೇ ಹೇಳಿಡಬೇಕು. ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿದು ಕೊಳೆಯುವುದು ಇದರ ದೋಷ. ಮೊದಲ ಸಲ ನೆನೆದಾಗ ಕುಗ್ಗುವುದು ಇನ್ನೊಂದು ದೋಷ.

ಗೌಡರ ಮನೆಯವರು ಆರಿಸಿದ್ದು ಕ್ಯಾನ್ವಾಸನ್ನೇ. ತಂದ ಬಟ್ಟೆಗೆ ತಕ್ಷಣ ಕತ್ತರಿ ಹಾಕಲಿಲ್ಲ. ಒಂದು ರಾತ್ರಿ ಹಂಡೆಯ ನೀರಲ್ಲಿ ನೆನೆಹಾಕಿ, ಅಟ್ಟದಲ್ಲಿ ಒಲೆಯ ಕಾವಿಗೆ ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಅಳತೆಗೆ ಹಿಡಿದರು. “ರವಿಕೆ ಬಟ್ಟೇನೂ ನೆನೆಸ್ದೆ ಹೊಲಿದ್ರೆ ಮೊದಲ್ನೇ ಒಗೆತಕ್ಕೆ ಕಂಕುಳು ಹಿಡೀತದಲ್ಲ” ಎಂಬುದು ಅವರ ನ್ಯಾಯ.

ಪಂಚೆಯಲ್ಲಿ ಅಳತೆ

ಟೇಪು ಹಿಡಿದು ಉದ್ದ ಅಗಲ ಬರೆದುಕೊಂಡರೆ ಟಾಪು ಆಗುವುದಿಲ್ಲ. ಮೂವತ್ತು ವರ್ಷ ಕಲ್ಲು ದಾರಿಯಲ್ಲಿ ಕುಣಿದ ಜೀಪಿನ ಎಡ ಬಲ ಒಂದೇ ಅಳತೆಗೆ ಇರುವುದಿಲ್ಲ. ಗೌಡರ ಜೀಪಿನ ಹಿಂದಿನ ಕಮಾನು ಎಡಕ್ಕಿಂತ ಬಲಕ್ಕೆ ಮುಕ್ಕಾಲು ಇಂಚು ತಗ್ಗು. ಅದಕ್ಕೇ ಹಳೇ ಪಂಚೆಯೊಂದನ್ನು ಕಮಾನುಗಳ ಮೇಲೆ ಬಿಗಿಯಾಗಿ ಎಳೆದು, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ನಿಲ್ಲಿಸಿದರು. ಸಾಲದ ಕಡೆ ಪೇಪರು ಅಂಟಿಸಿದರು. ನಡುಮಧ್ಯದಲ್ಲಿ ಮುಂದಿನಿಂದ ಹಿಂದಕ್ಕೆ ಒಂದು ಗೆರೆ. ಪೈಪು ಬರುವ ಕಡೆಯೆಲ್ಲ ಸೀಮೆಸುಣ್ಣದ ಗುರುತು. ಎಡ ಯಾವುದು ಬಲ ಯಾವುದು ಎಂದು ದೊಡ್ಡದಾಗಿ ಬರಹ. ಆ ಪಂಚೆಯೇ ನಕ್ಷೆ.

ನಕ್ಷೆಯ ಸುತ್ತ ಹೊಲಿಗೆಗೆ ಒಂದಿಂಚು, ಅಂಚಿನ ಮಡಿಕೆಗೆ ಎರಡೂವರೆ ಇಂಚು ಬಿಟ್ಟು ಕತ್ತರಿಸಿದರು. ಕತ್ತರಿಸುವ ಮುಂಚೆ ಮೂರು ಸಲ ಅಳೆದರು. ಪಂಚೆ ತಪ್ಪಾದರೆ ಇನ್ನೊಂದು ಪಂಚೆ ಉಂಟು, ಕ್ಯಾನ್ವಾಸು ತಪ್ಪಾದರೆ ಮತ್ತೆ ಪೇಟೆಗೆ ಹೋಗಬೇಕು.

ಕಾಲುಮಿಶನ್ನಿನಲ್ಲಿ ನಾಲ್ಕು ಮಡಿಕೆ

ಮನೆಯ ಕಾಲುಮಿಶನ್ನು ಕ್ಯಾನ್ವಾಸು ಹೊಲಿಯುತ್ತದೆಯೇ? ಹೊಲಿಯುತ್ತದೆ, ಅವಸರ ಮಾಡದಿದ್ದರೆ. ರವಿಕೆಗೆ ಹಾಕುವ 14ನೇ ನಂಬರಿನ ಸೂಜಿ ತೆಗೆದು 18ರದ್ದು ಹಾಕಿದರು. ಹೊಲಿಗೆ ಉದ್ದ ಮಾಡಿದರು, ಇಂಚಿಗೆ ಆರೇಳು ಬರುವ ಹಾಗೆ. ತೀರ ಒತ್ತಾಗಿ ಹೊಲಿದರೆ ಸೂಜಿಯ ತೂತುಗಳೇ ಸಾಲಾಗಿ, ಅಂಚೆ ಚೀಟಿ ಹರಿದ ಹಾಗೆ ಹರಿಯುತ್ತದೆ. ಎರಡು ಮಡಿಕೆ ಇರುವ ಕಡೆ ಕಾಲಲ್ಲಿ ತುಳಿದರು. ನಾಲ್ಕು ಮಡಿಕೆ ಬಂದ ಕಡೆ ಕಾಲು ತೆಗೆದು, ಗಾಲಿಯನ್ನು ಕೈಯಲ್ಲಿ ತಿರುಗಿಸಿ ಒಂದೊಂದೇ ಹೊಲಿಗೆ ಇಳಿಸಿದರು. ಇಷ್ಟಾದರೂ ಐದು ಸೂಜಿ ಮುರಿಯಿತು. ಭಾರದ ಬಟ್ಟೆ ಮಿಶನ್ನಿನಿಂದ ಕೆಳಗೆ ಜಗ್ಗದ ಹಾಗೆ ಆಚೆ ಈಚೆ ಎರಡು ಬೆಂಚು ಇಟ್ಟು, ಗೌಡರು ಬಟ್ಟೆ ಹಿಡಿದುಕೊಂಡು ನಿಂತರು.

“ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವ್ರು ಹೇಳಿದ ಹಾಗೆ ಸುಮ್ನೆ ನಿಂತಿದ್ದು ಅವತ್ತೇ” ಎನ್ನುತ್ತಾರೆ ಆ ತಾಯಿ.

ಹೊಲಿಗೆಯ ಬಗೆಯೂ ಮುಖ್ಯ. ಎರಡು ತುಂಡು ಸೇರುವ ಕಡೆ ಒಂದರ ಅಂಚು ಇನ್ನೊಂದರೊಳಗೆ ಸಿಕ್ಕಿಕೊಳ್ಳುವ ಹಾಗೆ ಮಡಚಿ ಎರಡು ಸಾಲು ಹೊಲಿಯಬೇಕು. ಪ್ಯಾಂಟಿನ ಒಳಕಾಲಿನ ಹೊಲಿಗೆ ನೋಡಿದರೆ ಗೊತ್ತಾಗುತ್ತದೆ. ಮಡಿಕೆಯ ಬಾಯಿ ಯಾವಾಗಲೂ ಇಳಿಜಾರಿಗೆ, ಕೆಳಮುಖವಾಗಿ ಇರಬೇಕು. ಹೆಂಚು ಹೊದೆಸುವಾಗ ಮೇಲಿನ ಹೆಂಚು ಕೆಳಗಿನದರ ಮೇಲೆ ಬರುವುದಿಲ್ಲವೇ, ಹಾಗೆ. ತಿರುಗಾಮುರುಗ ಮಾಡಿದರೆ ಹೊಲಿಗೆಯೇ ದೋಣಿ ಆಗುತ್ತದೆ.

ದಾರ ಯಾವುದು? ಹತ್ತಿ ದಾರ ನೆನೆದು ಉಬ್ಬಿ ಸೂಜಿಯ ತೂತು ಮುಚ್ಚುತ್ತದೆ, ಆದರೆ ಬೇಗ ಕೊಳೆಯುತ್ತದೆ. ಪಾಲಿಯೆಸ್ಟರ್ ದಾರ ಬಾಳುತ್ತದೆ, ಆದರೆ ತೂತು ಮುಚ್ಚುವುದಿಲ್ಲ. ಇವರು ಪಾಲಿಯೆಸ್ಟರಿನಲ್ಲಿ ಹೊಲಿದು, ಹೊಲಿಗೆಯ ಮೇಲೆ ಜೇನುಮೇಣ ಉಜ್ಜಿ ಬಿಸಿ ಇಸ್ತ್ರಿಪೆಟ್ಟಿಗೆ ಆಡಿಸಿದರು. ಮೇಣ ಕರಗಿ ತೂತಿಗೆ ಇಳಿಯಿತು.

ಬಟ್ಟೆಗೆ ಪೂರ್ತಿ ನೀರು ಹಿಡಿಯದಂತೆ ಮಾಡುವ ಹಳೇ ಉಪಾಯವೂ ಉಂಟು. ಮೊದಲು ಬಾರ್ ಸೋಪು ಕರಗಿಸಿದ ಬಿಸಿನೀರಲ್ಲಿ ಅದ್ದಿ ಒಣಗಿಸುವುದು, ಆಮೇಲೆ ಪಟಿಕದ ನೀರಲ್ಲಿ ಅದ್ದುವುದು. ಸೋಪೂ ಪಟಿಕವೂ ಸೇರಿ ನೂಲಿನೊಳಗೆ ನೀರಲ್ಲಿ ಕರಗದ ಜಿಡ್ಡಾಗಿ ಕೂರುತ್ತದೆ. ಮೇಲೆ ಬಿದ್ದ ಹನಿ ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಉರುಳುತ್ತದೆ. ವರ್ಷಕ್ಕೊಮ್ಮೆ ಮಾಡಬೇಕು. ಮೇಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಬಳಿಯುವವರೂ ಇದ್ದಾರೆ. ಅದನ್ನು ಒಲೆಯ ಮೇಲಿಟ್ಟರೆ ಮನೆಗೇ ಬೆಂಕಿ. ಮಾಡುವುದಾದರೆ ಬಯಲಲ್ಲಿ, ಒಲೆ ಬೀಡಿ ಎಲ್ಲ ದೂರವಿಟ್ಟು, ಬಿಸಿನೀರಿನ ಪಾತ್ರೆಯೊಳಗೆ ಡಬ್ಬ ಇಟ್ಟು ಮಾಡಬೇಕು.

ಹತ್ತೊಂಬತ್ತು ಲೀಟರಿನ ಹೊಟ್ಟೆ

ಟಾಪಿನ ದೊಡ್ಡ ಶತ್ರು ಮಳೆಯಲ್ಲ, ನಿಂತ ನೀರು. ಎರಡು ಕಮಾನಿನ ನಡುವೆ ಬಟ್ಟೆ ಜೋತುಬಿದ್ದರೆ ಅಲ್ಲಿ ಕೆರೆ. ಎರಡಡಿ ಉದ್ದ, ಎರಡಡಿ ಅಗಲದಲ್ಲಿ ಎರಡಿಂಚು ನೀರು ನಿಂತರೆ ಹತ್ತೊಂಬತ್ತು ಲೀಟರಿನ ಹತ್ತಿರ ಆಗುತ್ತದೆ. ತಗ್ಗು ಬಟ್ಟಲಿನ ಆಕಾರವೆಂದು ಅರ್ಧ ಬಿಟ್ಟರೂ ಒಂಬತ್ತು ಕಿಲೋಗೆ ಮೋಸವಿಲ್ಲ. ಒಂಬತ್ತು ಕಿಲೋ ಮೇಲೆ ಕೂತಾಗ ಬಟ್ಟೆ ಇನ್ನಷ್ಟು ಜೋತುಬೀಳುತ್ತದೆ, ಆಗ ಇನ್ನಷ್ಟು ನೀರು. ಆಮೇಲೆ ಡ್ರೈವರು ಬ್ರೇಕು ಹಾಕಿದಾಗ ಅಷ್ಟೂ ನೀರು ಮುಂದಿನ ಸೀಟಿನವನ ಮಡಿಲಿಗೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ಆ ಸೀಮೆಯಲ್ಲಿ ಟಾಪು ಜೋತುಬಿದ್ದರೆ ಏನಾದೀತೆಂದು ಲೆಕ್ಕ ಹಾಕಿ.

ಉಪಾಯ ಅಟ್ಟದಲ್ಲೇ ಸಿಕ್ಕಿತು. ಹಳೇ ಮಂಚದ ನವಾರು. ಮುಂದಿನ ಗಾಜಿನ ಚೌಕಟ್ಟಿನಿಂದ ಹಿಂದಿನ ಕಮಾನಿನ ತನಕ ಮೂರು ಪಟ್ಟಿ ಬಿಗಿಯಾಗಿ ಎಳೆದು ಕಟ್ಟಿದರು. ಬಟ್ಟೆ ಅದರ ಮೇಲೆ ಕೂರುತ್ತದೆ. ನಡುವಿನ ಕಮಾನಿಗೆ ಸೈಕಲ್ ಟ್ಯೂಬು ಸುತ್ತಿ ಅರ್ಧ ಇಂಚು ಎತ್ತರಿಸಿದರು. ಇಳಿಜಾರೂ ಆಯ್ತು, ಪೈಪು ಬಟ್ಟೆಗೆ ಉಜ್ಜುವುದೂ ತಪ್ಪಿತು. ಉಜ್ಜುವ ಜಾಗಕ್ಕೆಲ್ಲ ಒಳಗಿನಿಂದ ಎರಡನೇ ಪದರ ತೇಪೆ.

ಘಾಟಿಯಲ್ಲಿ ಕಿತ್ತು ಬಂದದ್ದು ಮುಂದಿನ ಅಂಚು. ಆ ಅಂಚಿಗೆ ಈ ಸಲ ಗುಂಡಿ ದಾರದ ಮಾತೇ ಇಲ್ಲ. ಮಡಿಕೆಯೊಳಗೆ ಹಗ್ಗ ಹೊಲಿದು, ಅದರ ಮೇಲೆ ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿ ಇಟ್ಟು, ನಾಲ್ಕಿಂಚಿಗೊಂದು ಸ್ಕ್ರೂ ಹಾಕಿ ಗಾಜಿನ ಚೌಕಟ್ಟಿಗೆ ಬಿಗಿದರು. ಪಕ್ಕದ ಅಂಚುಗಳಿಗೆ ಆರಿಂಚಿಗೊಂದು ಹಿತ್ತಾಳೆ ಐಲೆಟ್ಟು. ಕಬ್ಬಿಣದ್ದಾದರೆ ತುಕ್ಕು ಬಟ್ಟೆಯನ್ನೇ ತಿನ್ನುತ್ತದೆ. ಪ್ರತಿ ಐಲೆಟ್ಟಿನ ಕೆಳಗೆ ಹಳೇ ಬೆಲ್ಟಿನ ಒಂದು ತುಂಡು ಚರ್ಮ.

ಕಟ್ಟಲು ಹತ್ತಿ ಹಗ್ಗವೂ ಬೇಡ, ನೈಲಾನೂ ಬೇಡ. ಹತ್ತಿ ಹಗ್ಗ ನೆನೆದರೆ ಗಿಡ್ಡವಾಗಿ ಐಲೆಟ್ಟನ್ನೇ ಕಿತ್ತೀತು. ನೈಲಾನ್ ನೆನೆದರೆ ಸಡಿಲ. ಇವರು ಹಳೇ ಟ್ಯೂಬು ಕತ್ತರಿಸಿ ರಬ್ಬರು ಕುಣಿಕೆ ಮಾಡಿದರು. ಗಾಳಿ ಎಳೆದಾಗ ಒಂದಿಷ್ಟು ಬಿಟ್ಟುಕೊಡುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಬಗ್ಗುವ ಬಿದಿರು ಮುರಿಯುವುದಿಲ್ಲವಲ್ಲ.

ಹಿಂದಿನ ಪರದೆಗೆ ಗಾಜಿನಂಥ ಪ್ಲಾಸ್ಟಿಕ್ಕಿನ ಕಿಟಕಿ ಇಟ್ಟರು. ಅದಿಲ್ಲದಿದ್ದರೆ ಡ್ರೈವರಿಗೆ ಹಿಂದೇನಿದೆ ಎಂದೇ ಕಾಣದು. ಆ ಪ್ಲಾಸ್ಟಿಕ್ಕನ್ನು ಒಣಬಟ್ಟೆಯಲ್ಲಿ ಒರೆಸಬಾರದು, ಗೀರು ಬೀಳುತ್ತದೆ. ಚಳಿಯಲ್ಲಿ ಮಡಚಬಾರದು, ಬಿರಿಯುತ್ತದೆ.

ಸಾಬರ ಪರೀಕ್ಷೆ

ಆರು ದಿನದ ಕೆಲಸ ಮುಗಿಯಿತು. ಖರ್ಚು ಅಂಗಡಿಯಲ್ಲಿ ಕೇಳಿದ್ದರ ಅರ್ಧಕ್ಕೂ ಕಡಿಮೆ. ಮೊದಲು ಮನೆಯಂಗಳದಲ್ಲಿ ಪರೀಕ್ಷೆ. ಸೀಟಿನ ಮೇಲೆಲ್ಲ ಪೇಪರು ಹಾಸಿ, ಊರ ಹುಡುಗರೆಲ್ಲ ಸೇರಿ ಬಿಂದಿಗೆಯಲ್ಲಿ ನೀರು ಹೊಯ್ದರು. ಪೇಪರು ಒದ್ದೆಯಾದ ಕಡೆ ಮೇಲೆ ನೋಡಿದರೆ ಸೋರುವ ಜಾಗ ಸಿಗುತ್ತದೆ. ಮೂರು ಕಡೆ ಸಿಕ್ಕಿತು. ಮತ್ತೆ ಜೇನುಮೇಣ, ಮತ್ತೆ ಇಸ್ತ್ರಿ.

ಆಮೇಲೆ ಗೌಡರು ಜೀಪನ್ನು ನೇರ ಸಾಬರ ಅಂಗಡಿಗೇ ಒಯ್ದರು. ಕೆಲಸ ತಪ್ಪಿಸಿಕೊಂಡವನ ಮುಂದೆ ಮಾಲು ತೋರಿಸುವುದು ಬೇರೆಯವರಾದರೆ ಹಂಗಿಸಿದಂತೆ. ಸಾಬರು ಹಾಗೆ ತಿಳಿಯಲಿಲ್ಲ. ಕನ್ನಡಕ ಹಾಕಿಕೊಂಡು ಸುತ್ತು ಬಂದರು. ಬೆರಳಲ್ಲಿ ಹೊಲಿಗೆ ತಡವಿದರು. ಬಗ್ಗಿ ಒಳಗೆ ನವಾರು ನೋಡಿದರು.

“ಯಾರು ಹೊಲ್ದಿದ್ದು?”

“ಮನೇಲಿ.”

“ಮೂಲೆ ಮಾತ್ರ ತಪ್ಪಾಗಿದೆ ಗೌಡ್ರೆ. ಹಿಂದಿನ ಎರಡು ಮೂಲೇಲಿ ಹೊಲಿಗೆ ನೇರ ಬಂದು ನಿಂತಿದೆ. ಎಳೆತ ಎಲ್ಲಾ ಅಲ್ಲಿಗೇ ಬರ್ತದೆ. ಮೂರು ಮೂಲೆ ತೇಪೆ ಹಾಕಿ, ಎಳೆತ ಹರಡಿ ಹೋಗ್ತದೆ. ಇಲ್ಲಾಂದ್ರೆ ಮಳೆಗಾಲ ಮುಗಿಯೋದ್ರೊಳಗೆ ಅಲ್ಲಿಂದ್ಲೇ ಸೀಳ್ತದೆ.”

ತಾವೇ ಎರಡು ತುಂಡು ಕತ್ತರಿಸಿ, ದಬ್ಬಳದಲ್ಲಿ ಕೈಯಿಂದ ಹೊಲಿದು ಕೊಟ್ಟರು. ದುಡ್ಡು ಕೊಡಲು ಹೋದರೆ, “ಟೀ ಕುಡಿಸಿ ಸಾಕು. ಅಮ್ಮನವರಿಗೆ ಹೇಳಿ, ಮೇ ತಿಂಗಳಲ್ಲಿ ನನ್ ಹತ್ರ ಕೆಲಸ ಉಂಟು ಅಂತ” ಎಂದರು. ತಮಾಷೆಗೆ ಹೇಳಿದ್ದಲ್ಲ. ಸಾಬರ ಮಗ ಬೆಂಗಳೂರಲ್ಲಿ ಬೇರೆ ಕೆಲಸದಲ್ಲಿದ್ದಾನೆ. ಕ್ಯಾನ್ವಾಸಿನ ಮುಂದೆ ಕೂರುವ ಹುಡುಗರು ಸಿಗುವುದಿಲ್ಲ. ಒಂಬತ್ತು ಜೀಪು ಕ್ಯೂನಲ್ಲಿ ನಿಲ್ಲುವುದಕ್ಕೆ ಮಳೆಯೊಂದೇ ಕಾರಣವಲ್ಲ.

ಹೊಗೆಯ ವಿಷಕ್ಕೆ ವಾಸನೆಯೇ ಇರುವುದಿಲ್ಲ

ಮನೆಯಲ್ಲೇ ಟಾಪು ಹೊಲಿಯುವವರು ಮರೆಯುವ ಸಂಗತಿ ಒಂದುಂಟು. ಮಳೆ ಬರುತ್ತದೆಂದು ಪಕ್ಕದ ಪರದೆಗಳನ್ನೆಲ್ಲ ಬಿಗಿದು, ಹತ್ತಿ ಇಳಿಯಲು ಸುಲಭವೆಂದು ಹಿಂದಿನ ಪರದೆ ಮಾತ್ರ ಮೇಲೆ ಸುತ್ತಿಡುತ್ತಾರೆ. ಓಡುವ ಗಾಡಿಯ ಹಿಂದೆ ಗಾಳಿ ಸುಳಿಯಾಗಿ ಮರಳಿ ಒಳಗೆ ನುಗ್ಗುತ್ತದೆ, ಸೈಲೆನ್ಸರಿನ ಹೊಗೆಯನ್ನೂ ಜೊತೆಗೆ ತರುತ್ತದೆ. ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ತೂಕಡಿಕೆ. ಹಿಂದಿನ ಸೀಟಿನ ಮಕ್ಕಳು ಸುಸ್ತಾಗಿ ನಿದ್ದೆ ಹೋದರೆಂದು ದೊಡ್ಡವರು ತಿಳಿಯುತ್ತಾರೆ. ಡೀಸೆಲ್ ಗಾಡಿಯಲ್ಲಿ ಈ ವಿಷ ಪೆಟ್ರೋಲಿನದಕ್ಕಿಂತ ಕಡಿಮೆ, ಆದರೆ ಹೊಗೆ ಹೊಗೆಯೇ. ಹಿಂದಿನದನ್ನು ಮುಚ್ಚಿ, ಮುಂದೆ ಒಂದು ಕಡೆ ಗಾಳಿಗೆ ಬಿಡಿ. ಸೈಲೆನ್ಸರಿನ ಬಾಯಿ ಗಾಡಿಯಿಂದ ಹೊರಗೆ ಚಾಚಿರಲಿ.

ತಗಡು ಹಾಕಿಸಿದರೆ ಆಗದೇ?

‘ಬಟ್ಟೆಯ ರಗಳೆ ಯಾಕೆ, ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಮಾಡು ಹಾಕಿಸಿದರಾಯ್ತು’ ಎನ್ನುವವರಿದ್ದಾರೆ. ಎಷ್ಟೋ ಜನ ಹಾಕಿಸಿಯೂ ಇದ್ದಾರೆ. ಅದರಲ್ಲೊಂದು ತೊಡಕುಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ವಿವರ ಕಂಪನಿ ಹೇಳಿದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿ ಹಿಡಿದು ತೀರ್ಪು ಕೊಟ್ಟಿತು. ಬಟ್ಟೆ ಟಾಪಿನ ಗಾಡಿಗೆ ಹರಿದ ಬಟ್ಟೆ ತೆಗೆದು ಅದೇ ಅಳತೆಯ ಹೊಸ ಬಟ್ಟೆ ಹಾಕುವುದು ರಿಪೇರಿ. ತಗಡಿನ ಮನೆ ಕಟ್ಟುವುದು ಬೇರೆ ಮಾತು. ಅದಕ್ಕೆ ಕೈ ಹಾಕುವ ಮುಂಚೆ ಆರ್.ಟಿ.ಓ. ಕಚೇರಿಯ ಮೆಟ್ಟಿಲು ಹತ್ತುವುದು ಒಳ್ಳೆಯದು. ಇಲ್ಲವಾದರೆ ಅಪಘಾತವಾದಾಗ ಇನ್ಶೂರೆನ್ಸಿನವರ ಮೊದಲ ಪ್ರಶ್ನೆಯೇ ಅದಾದೀತು.

ಬಟ್ಟೆ ಟಾಪು ಹಳೇ ಕಾಲದ್ದೆಂದು ಮೂಗು ಮುರಿಯಬೇಕಾಗಿಯೂ ಇಲ್ಲ. ಮಹೀಂದ್ರದವರು 2010ರಲ್ಲಿ ತಂದ ‘ಥಾರ್’ಗೂ ಬಟ್ಟೆ ಟಾಪೇ ಇತ್ತು. 2020ರ ಹೊಸ ಥಾರ್‌ನಲ್ಲೂ ಬೇಕಾದವರಿಗೆ ಬಟ್ಟೆ ಟಾಪು ಕೊಟ್ಟರು. ಯುದ್ಧದ ಕಾಲದ ಉಪಾಯ ಈಗ ಪಟ್ಟಣದ ಹುಡುಗರ ಶೋಕಿ.

ಈ ಪಾಠ ಜೀಪಿನವರಿಗೆ ಮಾತ್ರವಲ್ಲ. ಅಂಗಡಿ ಮುಂದೆ ಟಾರ್ಪಾಲು ಕಟ್ಟುವ ವ್ಯಾಪಾರಸ್ಥರು ಒಮ್ಮೆ ಮೇಲೆ ಕಣ್ಣು ಹಾಯಿಸಲಿ. ನಡುವೆ ಹೊಟ್ಟೆ ಬಿಟ್ಟಿದೆಯೇ? ಕೆಳಗೆ ಎರಡು ಸಾಲು ನವಾರೋ ಬಿದಿರೋ ಕೊಡಿ. ಐಲೆಟ್ಟು ಕಿತ್ತಿದೆಯೇ? ಚರ್ಮದ ತುಂಡಿಟ್ಟು ಹೊಲಿಸಿ. ಗಿರಾಕಿಯ ತಲೆ ಮೇಲೆ ಒಂಬತ್ತು ಕಿಲೋ ನೀರು ಸುರಿದರೆ ಅವನು ಮತ್ತೆ ಆ ಅಂಗಡಿಗೆ ಬರುವುದಿಲ್ಲ.

ಗೌಡರ ಟಾಪು ಒಂದು ಮಳೆಗಾಲ ಕಳೆದಿದೆ. ಹಿಂದಿನ ಮೂಲೆ, ಸಾಬರು ತೇಪೆ ಹಾಕಿದ ಕಡೆ, ಒಂದು ಎಳೆಯೂ ಬಿಟ್ಟಿಲ್ಲ. ಪಕ್ಕದ ಹಳ್ಳಿಯ ಎರಡು ಜೀಪಿನವರು ಈಗ ಟಾಪಿಗೆ ಪೇಟೆಯ ಕ್ಯೂನಲ್ಲಿ ನಿಲ್ಲುತ್ತಿಲ್ಲ, ಗೌಡರ ಮನೆಯ ಜಗಲಿಯಲ್ಲಿ ಕೂರುತ್ತಾರೆ. ಮೇ ತಿಂಗಳಲ್ಲಿ ಆ ಮನೆಯಲ್ಲಿ ರವಿಕೆ ಹೊಲಿಸಲು ಹೋದ ಹೆಂಗಸರಿಗೆ ಉತ್ತರ ಒಂದೇ: “ಜೂನ್ ಕಳೀಲಿ ಕಣ್ರೆ. ಈಗ ಜೀಪುಗಳ ಮದ್ವೆ ಸೀಜನ್ನು!”